ನಾನು ಇಳಿಸಿದ ಗೂಟಗಳು

ಕಕ್ಕೇರಾದಿಂದ ಸುರಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೆ ಕೂಡಲು ಸೀಟು ಸಿಗುವುದು ವಾರಕ್ಕೆ ಹೆಚ್ಚೆಂದರೆ ಎರಡು ದಿನ. ಸುಮ್ಮನೆ ಹೇಳುತ್ತಿಲ್ಲ, ಬರೆದಿಟ್ಟಿದ್ದೇನೆ. ಉಳಿದ ದಿನ ಮೇಲಿನ ಕಂಬಿ ಹಿಡಿದು ನಿಲ್ಲುತ್ತೇನೆ. ಕಿಟಕಿ ಕೂತವರ ಪಾಲು; ನಿಂತವರಿಗೆ ಕಾಣುವುದು ಕೈಗಳು ಮಾತ್ರ. ಹಾಗಾಗಿ ನಾನು ಕೈಗಳನ್ನೇ ನೋಡುತ್ತೇನೆ. ಯಾರ ಕೈ ಸಲೀಸಾಗಿ ಕಂಬಿಗೆ ಹೋಗುತ್ತದೆ, ಯಾರು ಸೀಟಿನ ಬೆನ್ನು ಹಿಡಿದು ಸುಮ್ಮನಾಗುತ್ತಾರೆ, ಯಾರು ಬಲಗೈ ಎತ್ತಲು ಹೋಗಿ ಅರ್ಧಕ್ಕೇ ಬಿಟ್ಟು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ, ಎಡಗೈ ಎತ್ತುತ್ತಾರೆ. ಮೊದಲು ಇದನ್ನೆಲ್ಲ ನೋಡುತ್ತಿರಲಿಲ್ಲ. ಮುತ್ಯಾನಿಗೆ ಹೆಗಲು ಹಿಡಿದುಕೊಂಡ ಮೇಲೆ ಶುರುವಾದ ಚಟ ಇದು.

ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ. ರೇಷನ್ ಕಾರ್ಡಿನ ಪ್ರಕಾರ ಎಪ್ಪತ್ತಮೂರು ವರ್ಷ. ಆತನನ್ನೇ ಕೇಳಿದರೆ, ಊರ ಮುಂದಿನ ಬೇವಿನ ಗಿಡಕ್ಕಿಂತ ಎರಡು ವರ್ಷ ದೊಡ್ಡವನು ಎನ್ನುತ್ತಾನೆ. ಬೇವಿನ ಗಿಡದ ವಯಸ್ಸು ಯಾರಿಗೂ ಗೊತ್ತಿಲ್ಲದ್ದರಿಂದ ನಾನು ರೇಷನ್ ಕಾರ್ಡನ್ನೇ ನಂಬಿದ್ದೇನೆ. ಹುಡುಗನಿದ್ದಾಗಿನಿಂದ ಕುರಿ ಕಾದವನು. ಈಗ ಹಟ್ಟಿ ನನ್ನ ಕಾಕಾನ ಕೈಗೆ ಹೋಗಿದೆ. ಆದರೂ ಸಂಜೆ ಕುರಿಗಳು ಒಳಗೆ ಬರುವಾಗ ಮುತ್ಯಾ ಬಾಗಿಲಲ್ಲಿ ನಿಂತು ಒಂದೊಂದನ್ನೂ ನೋಡಿಯೇ ಒಳಬಿಡುತ್ತಾನೆ. ಎಣಿಸುವುದಿಲ್ಲ. ಯಾವುದು ಬಂದಿಲ್ಲ ಎಂದು ಹೇಳುತ್ತಾನೆ, ಅಷ್ಟೇ.

ಎಣಿಸುವವನು ನಾನು. ಏಳನೆಯ ತರಗತಿಯಿಂದ ದಿನಚರಿ ಇಟ್ಟಿದ್ದೇನೆ. ದಿನಚರಿ ಎಂದರೆ ಮನಸ್ಸಿನ ಮಾತು ಬರೆಯುವ ಪುಸ್ತಕ ಎಂದು ನೀವು ತಿಳಿದಿದ್ದರೆ ನನ್ನದನ್ನು ಓದಿ ನಿರಾಶರಾಗುತ್ತೀರಿ. ಅದರಲ್ಲಿ ತಾರೀಖು, ಅದರ ಮುಂದೆ ಒಂದು ಸಂಗತಿ, ಅದರ ಮುಂದೆ ಒಂದು ಸಂಖ್ಯೆ. ಹಟ್ಟಿಯಲ್ಲಿ ಎಷ್ಟು ಮರಿ ಹುಟ್ಟಿದವು, ಆಯಿ, ಎಂದರೆ ನನ್ನ ಅಜ್ಜಿ, ಎಷ್ಟು ರೊಟ್ಟಿ ಬಡಿದಳು, ಕರೆಂಟು ಎಷ್ಟು ಸಲ ಹೋಯಿತು. ಒಮ್ಮೆ ಒಂದು ಮದುವೆಯಲ್ಲಿ ದೂರದ ಮಾವನೊಬ್ಬ ಎಷ್ಟು ಹೋಳಿಗೆ ತಿಂದ ಎಂದು ಬರೆದದ್ದು ಆತನ ಹೆಂಡತಿಯ ಕೈಗೆ ಸಿಕ್ಕಿ ದೊಡ್ಡ ರಾದ್ಧಾಂತವೇ ಆಯಿತು. ಹದಿನಾಲ್ಕು ತಿಂದಿದ್ದ. ಆತನಿಗೆ ಸಕ್ಕರೆ ಕಾಯಿಲೆ. ಆವತ್ತಿನಿಂದ ಮುತ್ಯಾ ನನ್ನನ್ನು ‘ಮುನ್ಶಿ’ ಎಂದೇ ಕರೆಯುವುದು. ನಿಜಾಮರ ಕಾಲದಲ್ಲಿ ಊರಿಗೆ ಬಂದು ಕುರಿ ಎಣಿಸಿ ಬರೆದುಕೊಂಡು ಹೋಗುತ್ತಿದ್ದವರಿಗೆ ಹಾಗನ್ನುತ್ತಿದ್ದರು ಎಂದು ಆತನ ಅಪ್ಪ ಹೇಳಿದ್ದನಂತೆ. ಆ ಮನುಷ್ಯರ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಅಭಿಪ್ರಾಯವೇನೂ ಇಲ್ಲ.

ಮುತ್ಯಾನ ರುಮಾಲಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಬಿಳಿ ಬಟ್ಟೆ, ತುದಿಗೆ ತೆಳ್ಳನೆಯ ಕೆಂಪು ಅಂಚು. ನಾನು ಸಣ್ಣವನಿದ್ದಾಗ ಬೆಳಿಗ್ಗೆ ಅಂಗಳದಲ್ಲಿ ಒಂದು ತುದಿ ಹಿಡಿದು ನಿಲ್ಲುವುದು ನನ್ನ ಕೆಲಸ. ಆತ ಇನ್ನೊಂದು ತುದಿಯನ್ನು ತಲೆಗೆ ಹಚ್ಚಿ ಸುತ್ತುತ್ತ ಸುತ್ತುತ್ತ ನನ್ನ ಕಡೆಗೆ ಬರುತ್ತಿದ್ದ. ಬಿಗಿಯಾಗಿ ಹಿಡಿಯಬೇಕು, ಸಡಿಲ ಬಿಟ್ಟರೆ ಬೈಗುಳ. ನೀಲಿ ಹಾಕಿದ ಬಟ್ಟೆಯ ವಾಸನೆ ಹತ್ತಿರ ಬಂದಂತೆ ಅದರೊಳಗೆ ಕುರಿಯ ವಾಸನೆಯೂ ಸೇರಿಕೊಳ್ಳುತ್ತಿತ್ತು. ಕೊನೆಗೆ ಆತನ ಹೊಟ್ಟೆಗೆ ನನ್ನ ಮೂಗು ತಾಗುವ ಹೊತ್ತಿಗೆ ಹನ್ನೊಂದು ಸುತ್ತು ಮುಗಿದಿರುತ್ತಿತ್ತು. ಕನ್ನಡಿ ಇಲ್ಲ, ತಡವರಿಸುವುದಿಲ್ಲ, ಆಯಿ ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು. ಆರು ವರ್ಷದವನಿದ್ದಾಗ ಆ ಬಟ್ಟೆ ನನ್ನ ಮೊಳದಲ್ಲಿ ಇಪ್ಪತ್ತೊಂಬತ್ತು ಮೊಳ ಇತ್ತು. ಹತ್ತನೆಯ ತರಗತಿಯಲ್ಲಿ ಅಳೆದರೆ ಹದಿನೆಂಟು. ಬಟ್ಟೆ ಕುಗ್ಗಿದೆ ಎಂದು ಆಯಿಗೆ ದೂರು ಕೊಟ್ಟೆ. ಅವಳು ನನ್ನ ಕೈಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿ, ಇಂಥವನು ಪರೀಕ್ಷೆ ಹೇಗೆ ಪಾಸಾಗುತ್ತಾನೋ ಎಂದು ಒಲೆಗೆ ಹೇಳಿದಳು.

ಆ ರುಮಾಲಿನೊಳಗೆ ಏನೇನಿರುತ್ತಿತ್ತು ಎನ್ನುವುದೇ ಬೇರೆ ಪ್ರಬಂಧವಾದೀತು. ಬಸ್ಸಿನ ಚೀಟಿ, ಮುಳ್ಳು ತೆಗೆಯುವ ಸೂಜಿ, ದಾರ, ಅಡಿಕೆ ಚೂರು. ಅಡವಿಯಲ್ಲಿ ಅದೇ ತಲೆದಿಂಬು, ಅದೇ ನೀರು ಸೋಸುವ ಬಟ್ಟೆ. ಒಮ್ಮೆ ಹಾಳು ಬಾವಿಗೆ ಬಿದ್ದ ಮರಿಯನ್ನು ಅದರಿಂದಲೇ ಮೇಲೆ ಎಳೆದಿದ್ದ. ಎಳೆದು, ಝಾಡಿಸಿ, ಮತ್ತೆ ಸುತ್ತಿಕೊಂಡು ಕುರಿಗಳ ಹಿಂದೆ ಹೊರಟಿದ್ದ.

ಹೋದ ವರ್ಷದ ಜುಲೈ ಹನ್ನೊಂದರ ಸಾಲಿನಲ್ಲಿ ನನ್ನ ಪುಸ್ತಕದಲ್ಲಿ ಮೊದಲ ಸಲ ‘ಮುತ್ಯಾ, ಬಲ ಹೆಗಲು, ನೋವು’ ಎಂದಿದೆ. ಬಿದ್ದದ್ದಲ್ಲ, ಪೆಟ್ಟಾದದ್ದಲ್ಲ. ಒಂದು ಬೆಳಿಗ್ಗೆ ಕೈ ಮೇಲೆ ಹೋಗಲಿಲ್ಲ. ಸುರಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ದಿನಕ್ಕೆ ಎರಡು ಮಾತ್ರೆ ಎಂದರು, ಬರೆದುಕೊಂಡೆ. ಐದು ದಿನ ಎಂದರು, ಬರೆದುಕೊಂಡೆ. ಕೈ ಸ್ವಲ್ಪ ಆಡಿಸುತ್ತ ಇರಿ ಎಂದದ್ದನ್ನು ಮಾತ್ರ ಬರೆದುಕೊಳ್ಳಲಿಲ್ಲ. ‘ಸ್ವಲ್ಪ’ ಎಂಬುದಕ್ಕೆ ಸಂಖ್ಯೆ ಇಲ್ಲವಲ್ಲ.

ಆಮೇಲೆ ಶುರುವಾಯಿತು ನಮ್ಮ ಉಪಚಾರ. ಮುತ್ಯಾ ಕೈ ಎತ್ತಲು ಹೋದರೆ ಮುಖ ಹಿಂಡುತ್ತಿದ್ದ. ಅದನ್ನು ನೋಡಲಾರದೆ, ಆತ ಕೈ ಎತ್ತುವ ಪ್ರಸಂಗವೇ ಬರದಂತೆ ನಾವು ಇಡೀ ಮನೆಯನ್ನು ಕೆಳಗಿಳಿಸಿದೆವು. ಮೊದಲು ಅಂಗಿ, ರುಮಾಲು ತೂಗುಹಾಕುವ ಗೂಟಗಳು. ಮೂರನ್ನೂ ನಾನೇ ಕಿತ್ತು ಎದೆಯ ಎತ್ತರಕ್ಕೆ ಬಡಿದೆ. ಆಮೇಲೆ ಬಟ್ಟೆ ಒಣಹಾಕುವ ತಂತಿ. ಆಮೇಲೆ ರೇಡಿಯೋ, ಹಣೆಗೆ ಹಚ್ಚುವ ಭಂಡಾರದ ಬಟ್ಟಲು, ಆತನ ಕೋಲು. ಕೊನೆಗೆ ರೊಟ್ಟಿ ಬುಟ್ಟಿ ತೂಗುವ ನೆಲುವನ್ನೂ ಇಳಿಸಿದೆವು. ಮರುದಿನವೇ ಆಡೊಂದು ಒಳಗೆ ಬಂದು ಐದು ರೊಟ್ಟಿ ತಿಂದಿತು. ಇಳಿಸಿದ ಒಂದೊಂದನ್ನೂ ತಾರೀಖು ಸಮೇತ ಬರೆದು, ಕೆಳಗೆ ಒಟ್ಟು ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಇಷ್ಟು ಪ್ರೀತಿಯ ಮೊಮ್ಮಗ ಇನ್ಯಾರಿಗಿದ್ದಾನು ಎಂದು ಒಳಗೊಳಗೇ ಹಿಗ್ಗಿದ್ದೆ ಎಂದು ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ.

ಉಳಿದದ್ದು ರುಮಾಲು. ಅದನ್ನು ಇಳಿಸುವುದು ಎಲ್ಲಿಗೆ? ನಾನು ಸುತ್ತುತ್ತೇನೆ ಎಂದೆ. ಮುತ್ಯಾ ಬೇಡ ಎಂದ. ಆಯಿ ಸುತ್ತುತ್ತೇನೆ ಎಂದಳು. ಆಗ ಮಾತ್ರ ಆತ ಬಾಯಿ ಬಿಟ್ಟ.

“ಮದುವಿ ದಿವಸ ಒಮ್ಮಿ ನಮ್ಮ ಮಾವ ಸುತ್ಯಾನ. ಇನ್ನೊಮ್ಮಿ ಮಂದಿ ಕಡಿಂದ ಸುತ್ತಿಸ್ಕೊಳ್ಳಾಕ ನನಗ ಇನ್ನಾ ಗಡಿಬಿಡಿ ಇಲ್ಲ.”

ಹೆಣಕ್ಕೆ ಕೊನೆಯ ರುಮಾಲು ಸುತ್ತುವುದು ಮಂದಿಯೇ ಎಂಬುದು ನೆನಪಾಗಿ ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಆದರೆ ಎರಡು ದಿನ ಕಳೆದು ನೋಡಿದರೆ ಮುತ್ಯಾನ ತಲೆಯ ಮೇಲೆ ರುಮಾಲು ಇತ್ತು. ಹೇಗೆ ಎಂದು ಯಾರಿಗೂ ಗೊತ್ತಾಗಲಿಲ್ಲ. ನಾನು ಬೆಳಿಗ್ಗೆ ಬೇಗ ಎದ್ದು ಕದ್ದು ನೋಡಿದೆ. ಆತ ಹಟ್ಟಿಯ ಮೂಲೆಯಲ್ಲಿ ಕೂತು, ಒಂದು ಕೊಡವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅದರ ಸುತ್ತ ರುಮಾಲು ಸುತ್ತುತ್ತಿದ್ದ. ಮುಗಿದ ಮೇಲೆ ಮೆಲ್ಲಗೆ ಎತ್ತಿ, ತಲೆ ಬಗ್ಗಿಸಿ, ಎಡಗೈಯಿಂದ ಟೊಪ್ಪಿಗೆಯಂತೆ ಇಟ್ಟುಕೊಂಡ. ಒಂದು ಕುರಿ ನಿಂತು ನೋಡುತ್ತಿತ್ತು. ನಾನು ಕಂಡದ್ದನ್ನು ಆತನಿಗೆ ಹೇಳಲಿಲ್ಲ, ಪುಸ್ತಕದಲ್ಲೂ ಬರೆಯಲಿಲ್ಲ.

ಮುತ್ಯಾನಿಗೆ ಒಬ್ಬಳು ಅಕ್ಕ ಇದ್ದಾಳೆ, ಸುರಪುರದ ಪಕ್ಕದ ರಂಗಂಪೇಟೆಯಲ್ಲಿ. ಆತನಿಗಿಂತ ಏಳು ವರ್ಷ ದೊಡ್ಡವಳು. ನಾನು ದೊಡ್ಡಾಯಿ ಎನ್ನುತ್ತೇನೆ. ಪ್ರತಿ ಅಮಾವಾಸ್ಯೆಯ ಮರುದಿನ ಮುತ್ಯಾ ಆಕೆಯ ಮನೆಗೆ ಹೋಗಿ ಊಟ ಮಾಡಿ ಬರುವುದು ನಾನು ಹುಟ್ಟುವುದಕ್ಕೆ ಮುಂಚಿನಿಂದ ನಡೆದುಬಂದದ್ದು. ಅಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಬೇಡಿ. ಒಬ್ಬರನ್ನೊಬ್ಬರು ಹಂಗಿಸುತ್ತಾರೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಸುಮ್ಮನೆ ಕೂಡುತ್ತಾರೆ. ಸೆಪ್ಟೆಂಬರಿನಲ್ಲಿ ಹೋದಾಗ ಆತ ಮೂರನೆಯ ರೊಟ್ಟಿ ಬೇಡ ಎಂದದ್ದಕ್ಕೆ ಆಕೆ, ಮುದುಕಾದಿ ತಮ್ಮಾ, ಇನ್ನ ನಿನಗ ಗಂಜಿ ಕಾಸಬೇಕು ಎಂದು ನಕ್ಕಿದ್ದಳು.

ಅಕ್ಟೋಬರಿನಲ್ಲಿ ಕೊಡದ ಮೇಲೆ ಸುತ್ತಿದ ರುಮಾಲು ಇಟ್ಟುಕೊಂಡೇ ಹೊರಟ. ಕಚೇರಿಗೆಂದು ನಾನೂ ಅದೇ ಬಸ್ಸಿನಲ್ಲಿದ್ದೆ. ಸುರಪುರದಲ್ಲಿ ಇಳಿಯುವಾಗ ಹಿಂದಿನವರ ಚೀಲ ತಾಗಿ ರುಮಾಲು ಬಿತ್ತು. ಬಿಚ್ಚಿಕೊಂಡು ಬಿದ್ದಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಅದು ಇದ್ದ ಆಕಾರದಲ್ಲೇ ಬಟ್ಟಲಿನಂತೆ ಬಿದ್ದು, ಎರಡು ಉರುಳು ಉರುಳಿ ನಿಂತಿತು. ನಾಲ್ಕಾರು ಜನ ನಕ್ಕರು. ಕಂಡಕ್ಟರ್ ನಗಲಿಲ್ಲ. ಅದನ್ನು ಎತ್ತಿ, ಧೂಳು ಝಾಡಿಸಿ, ಎರಡೂ ಕೈಯಲ್ಲಿ ಹಿಡಿದು, ತಗೋರಿ ಯಜಮಾನ್ರ, ಎಂದು ಕೊಟ್ಟ. ನಕ್ಕವರಿಗಿಂತ ಅವನ ಮರ್ಯಾದೆಯೇ ಹೆಚ್ಚು ಚುಚ್ಚಿತೆಂದು ಮುತ್ಯಾನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ರಂಗಂಪೇಟೆಗೆ ಹೋಗಲಿಲ್ಲ. ಮುಂದಿನ ಬಸ್ಸಿಗೆ ಊರಿಗೆ ವಾಪಸಾದ. ಕೊಡದ ಮೇಲೆ ರುಮಾಲು ಸುತ್ತುವುದನ್ನೂ ಆವತ್ತೇ ಬಿಟ್ಟ.

ಬರಿದಲೆಯಲ್ಲಿ ಅಕ್ಕನ ಮನೆಯ ಹೊಸಿಲು ತುಳಿಯುವವನಲ್ಲ ಆತ. ಕಾರಣ ಹೇಳುವವನೂ ಅಲ್ಲ. ಆಕೆ ಫೋನು ಮಾಡಿಸಿದರೆ ಕುರಿಗೆ ಜ್ವರ ಎನ್ನುತ್ತಿದ್ದ. ನಮ್ಮ ಕುರಿಗಳಿಗೆ ಅಷ್ಟು ಜ್ವರ ಯಾವತ್ತೂ ಬಂದಿರಲಿಲ್ಲ. ಮೂರನೆಯ ಅಮಾವಾಸ್ಯೆಯ ಹೊತ್ತಿಗೆ ಆಕೆಯ ಫೋನೂ ನಿಂತಿತು. ರಂಗಂಪೇಟೆಯಿಂದ ಬಂದವರೊಬ್ಬರು, ತಮ್ಮ ಸಿಟ್ಟಾಗ್ಯಾನ, ನಾ ಮುದುಕ ಅಂದಿದ್ದು ಮನಸಿಗೆ ಹಚ್ಕೊಂಡಾನ ಎಂದು ಆಕೆ ಅಳುತ್ತಾಳೆ ಎಂದರು. ಮುತ್ಯಾ ಕೇಳಿಸಿಕೊಂಡು, ಎದ್ದು ಹಟ್ಟಿಗೆ ಹೋದ. ಎಂಬತ್ತರ ಅಕ್ಕ, ಎಪ್ಪತ್ತಮೂರರ ತಮ್ಮ. ಇನ್ನೆಷ್ಟು ಅಮಾವಾಸ್ಯೆಗಳನ್ನು ಹೀಗೆ ಬಿಟ್ಟುಕೊಡಬಹುದು ಎಂಬ ಲೆಕ್ಕ ನನಗೆ ಬಂದರೂ ಬರೆಯಲು ಕೈ ಬರಲಿಲ್ಲ.

ಜನವರಿಯಲ್ಲಿ ನನ್ನ ಕಚೇರಿಯವರೊಬ್ಬರು ಶಹಾಪುರದಲ್ಲಿ ಕೈಕಾಲಿಗೆ ವ್ಯಾಯಾಮ ಮಾಡಿಸುವವರು ಇದ್ದಾರೆ ಎಂದರು. ಮುತ್ಯಾನನ್ನು ಪುಸಲಾಯಿಸಿ ಕರೆದುಕೊಂಡು ಹೋದೆ. ತಲೆಗೆ ಟವೆಲು ಸುತ್ತಿಕೊಂಡು, ಹಲ್ಲು ನೋವಿನವನಂತೆ ಬಂದ. ಅಲ್ಲಿ ಇದ್ದದ್ದು ನನ್ನದೇ ವಯಸ್ಸಿನ ಒಬ್ಬ ತರುಣಿ. ಮುತ್ಯಾನ ಕೈ ಹಿಡಿದು ಮುಂದೆ, ಪಕ್ಕಕ್ಕೆ, ಹಿಂದೆ ಆಡಿಸಿ ನೋಡಿದಳು. ನೋವು ಶುರುವಾದ ಮೇಲೆ ಏನೇನು ಕೆಲಸ ಬಿಟ್ಟಿರಿ ಎಂದು ಕೇಳಿದಳು. ನಾನು ಈ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಪುಸ್ತಕ ತೆಗೆದು ಕೆಂಪು ಗೆರೆಯ ಪುಟವನ್ನು ಮುಂದಿಟ್ಟೆ. ಆಕೆ ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು.

“ಇದನ್ನ ಬರದವರು ಯಾರ್ರಿ?”

“ನಾನರಿ.”

“ಚಂದ ಬರದೀರಿ. ಅಜ್ಜಾರ ಹೆಗಲ ಹೆಂಗ ಬಿಗೀತು ಅನ್ನೂದು ತಾರೀಖ ಸಮೇತ ಅದ ಇದರಾಗ.”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪುಸ್ತಕವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಆಕೆ ಬೈಯಲಿಲ್ಲ. ಹೆಗಲಿನ ಕೀಲು ಆಡದೆ ಬಿಟ್ಟರೆ ಒಳಗೇ ಬಿಗಿದುಕೊಳ್ಳುತ್ತದೆ, ವಯಸ್ಸಿನದು ಸ್ವಲ್ಪ ಇದೆ, ಉಳಿದದ್ದು ನಿಮ್ಮ ಉಪಚಾರದ್ದು ಎಂದಳು. ದಿನವೂ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ನಡೆಸಬೇಕು, ತಡೆಯಲಾರದಷ್ಟು ನೋವಾದರೆ ನಿಲ್ಲಿಸಬೇಕು, ತಿಂಗಳುಗಳೇ ಹಿಡಿಯುತ್ತವೆ, ಆದರೆ ಬಹಳಷ್ಟು ತಿರುಗಿ ಬರುತ್ತದೆ ಎಂದಳು. ಇಳಿಸಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಮೇಲೆ ಏರಿಸಿ ಎಂದು ನನಗೆ ಬೇರೆಯಾಗಿ ಹೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಮುತ್ಯಾ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದ.

“ವಯಸ್ಸಾತಂದ್ರ ಒಂದೊಂದ ಹೋಗ್ತಾವ ಅಂತ ಸುಮ್ಮ ಕುಂತಿದ್ದೆ ಮುನ್ಶಿ. ಹೋಗಿದ್ದು ತಿರುಗಿ ಬರ್ತದ ಅಂತ ನನಗ ಯಾರೂ ಹೇಳಿದ್ದಿಲ್ಲ.”

ಮರುದಿನದಿಂದ ನಡುಮನೆಯ ಗೋಡೆ ನನ್ನ ದಿನಚರಿಯಾಯಿತು. ಮುತ್ಯಾನ ಬೆರಳು ಮುಟ್ಟಿದಲ್ಲಿ ಇದ್ದಿಲಿನಿಂದ ಗೆರೆ, ಪಕ್ಕದಲ್ಲಿ ತಾರೀಖು. ಮೊದಲ ಗೆರೆ ಆತನ ಅಂಗಿಯ ಕಿಸೆಯ ಎತ್ತರದಲ್ಲಿತ್ತು. ರುಮಾಲು ಸುತ್ತಲು ಇನ್ನೂ ಇಪ್ಪತ್ತೆರಡು ಬೆರಳು ಮೇಲೆ ಹೋಗಬೇಕೆಂದು ಅಳೆದೆ. ಮೊದಲ ವಾರ ಎರಡು ಬೆರಳು ಏರಿತು. ಎರಡನೆಯ ವಾರ ಏನೂ ಇಲ್ಲ. ಮೂರನೆಯ ವಾರ ಒಂದು ಬೆರಳು ಕೆಳಗೆ. ಆತ ಹಲ್ಲು ಕಚ್ಚಿ ನಿಲ್ಲುವುದನ್ನು ನೋಡಲಾರದೆ ಆಯಿ ಆ ಹೊತ್ತಿಗೆ ಸರಿಯಾಗಿ ಅಂಗಳ ಗುಡಿಸಲು ಹೋಗುತ್ತಿದ್ದಳು. ನಮ್ಮ ಅಂಗಳ ಅಷ್ಟು ಸ್ವಚ್ಛ ಎಂದೂ ಇರಲಿಲ್ಲ.

ಆ ಮೂರನೆಯ ವಾರದಲ್ಲಿ ನಾನೊಂದು ಅಪರಾಧ ಮಾಡಿದೆ. ಆತನ ಮುಖ ಬಾಡಿದ್ದನ್ನು ನೋಡಿ, ಇದ್ದಿಲನ್ನು ಬೆರಳಿಗಿಂತ ಒಂದಿಷ್ಟು ಮೇಲೆ ಇಟ್ಟು ಗೆರೆ ಎಳೆದೆ. ಹದಿಮೂರು ವರ್ಷದ ಲೆಕ್ಕದಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಮುತ್ಯಾ ಹಿಂದೆ ಸರಿದು ಗೋಡೆ ನೋಡಿದ. ನೂರು ಕುರಿಗಳಲ್ಲಿ ಇಲ್ಲದ ಒಂದನ್ನು ಎಣಿಸದೇ ಗುರುತಿಸುವವನ ಮುಂದೆ ನಾನು ಈ ಆಟ ಹೂಡಬಾರದಿತ್ತು. ನಿನ್ನೆ ನನ್ನ ಬೆರಳು ಈ ಬಿರುಕಿನ ಕೆಳಗಿತ್ತು, ಇವತ್ತೂ ಅಲ್ಲೇ ಇತ್ತು ಎಂದ.

“ಸುಳ್ಳ ಬರದ್ರ ಕುರಿ ಹೆಚ್ಚಾಗ್ತಾವೇನಲೇ? ಅಳಿಸು.”

ಅಳಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಯನ್ನೂ ನೋಡಬೇಕೆಂದ. ಒಂದು ಕೈ ಹೆಗಲ ಮೇಲಿಂದ, ಇನ್ನೊಂದು ಸೊಂಟದ ಹಿಂದಿನಿಂದ ತಂದು ಬೆನ್ನ ಮೇಲೆ ಎರಡೂ ಕೈಯ ಬೆರಳು ಮುಟ್ಟಿಸು ಎಂದ. ನೀವೂ ಓದುವುದನ್ನು ನಿಲ್ಲಿಸಿ ಒಮ್ಮೆ ಮಾಡಿ ನೋಡಿ, ನಾನು ಕಾಯುತ್ತೇನೆ. ನನಗೆ ಆರು ಬೆರಳು ಅಂತರ ಉಳಿಯಿತು. ಇಪ್ಪತ್ತೈದು ವರ್ಷಕ್ಕೆ, ದಿನವಿಡೀ ಕಂಪ್ಯೂಟರ್ ಮುಂದೆ ಕುಗ್ಗಿ ಕೂತು ಸಂಪಾದಿಸಿದ ಆರು ಬೆರಳು. ಆಯಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ನೋಡಿ, ಇವನ ಹೆಸರನ್ನೂ ಗೋಡೆಗೆ ಬರೆಯಿರಿ ಎಂದಳು. ಆವತ್ತಿನಿಂದ ಪುಸ್ತಕದಲ್ಲಿ ಎರಡು ಕಾಲಂ ಆದವು. ಬೆಳಿಗ್ಗೆ ಗೋಡೆಯ ಮುಂದೆ ಅಜ್ಜ ಮೊಮ್ಮಗ ಇಬ್ಬರೂ ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರಂತೆ ನಿಲ್ಲತೊಡಗಿದೆವು. ಹೇಳುವುದಕ್ಕೆ ನಾಚಿಕೆಯಾದರೂ ಹೇಳುತ್ತೇನೆ: ನಾನು ತಪ್ಪಿಸಿದ ದಿನಗಳು ಹದಿನೇಳು, ಆತ ತಪ್ಪಿಸಿದ್ದು ಮೂರು. ಅದೂ ಹಟ್ಟಿಯಲ್ಲಿ ಕುರಿ ಈಯುತ್ತಿದ್ದ ದಿನಗಳು.

ಗೂಟಗಳನ್ನು ವಾರಕ್ಕೆ ಒಂದು ಬೆರಳಿನಂತೆ ಮೇಲೆ ಬಡಿದೆ. ಗೋಡೆಯ ತುಂಬ ತೂತುಗಳಾದವು. ನೆಲುವು ಮೇಲೇರಿದ ದಿನ ಆಡಿಗೆ ದುಃಖವಾಗಿರಬೇಕು. ಮಾರ್ಚಿನಲ್ಲಿ ಗೆರೆಗಳು ಇದ್ದಕ್ಕಿದ್ದಂತೆ ಓಡತೊಡಗಿದವು. ಏಪ್ರಿಲ್ ಕೊನೆಗೆ ಬೆರಳು ತಲೆಯ ಎತ್ತರ ದಾಟಿತು. ಮುತ್ಯಾ ತನ್ನ ಅಂಗಿಯನ್ನು ತಾನೇ ತಲೆಯ ಮೇಲಿಂದ ಹಾಕಿಕೊಂಡ ದಿನ ಆಯಿ ನೋಡಿಯೂ ನೋಡದವಳಂತೆ ಎರಡು ಚಮಚ ಹೆಚ್ಚು ತುಪ್ಪ ಬಡಿಸಿದಳು.

ರುಮಾಲು ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಕೈ ಮೇಲೆ ಹೋಗುವುದೇ ಬೇರೆ, ಅಲ್ಲೇ ನಿಲ್ಲುವುದೇ ಬೇರೆ. ನಾಲ್ಕನೆಯ ಸುತ್ತಿಗೆ ಕೈ ಸೋತು ಬಟ್ಟೆ ಕೊರಳಿಗೆ ಬೀಳುತ್ತಿತ್ತು. ಒಂಬತ್ತು ದಿನ ಹಾಗೇ ಬಿತ್ತು. ಹತ್ತನೆಯ ದಿನ ಮುತ್ಯಾ ತನ್ನದೇ ದಾರಿ ಕಂಡುಕೊಂಡ. ಮೂರು ಸುತ್ತು, ಗೋಡೆಗೆ ಮೊಣಕೈ ಆನಿಸಿ ವಿಶ್ರಾಂತಿ. ಮತ್ತೆ ಮೂರು ಸುತ್ತು, ಮತ್ತೆ ವಿಶ್ರಾಂತಿ. ಹನ್ನೊಂದು ಸುತ್ತಿನ ರುಮಾಲು ಒಂಬತ್ತಕ್ಕೆ ಇಳಿಯಿತು. ಹಾಲು ಉಕ್ಕುವುದರೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಹತ್ತೊಂಬತ್ತು ನಿಮಿಷ ಹಿಡಿಯಿತು. ಎಡಕ್ಕೆ ವಾಲಿಕೊಂಡೇ ಕೂತಿತು. ಆದರೆ ಕೂತಿತು.

ಜೂನಿನ ಅಮಾವಾಸ್ಯೆಯ ಮರುದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಬಸ್ಸಿನಲ್ಲಿ ಮುತ್ಯಾ ಸೀಟಿಗಾಗಿ ಯಾರನ್ನೂ ಕೇಳದೆ ಮೇಲಿನ ಕಂಬಿ ಹಿಡಿದು ನಿಂತ. ಎಂಟು ಅಮಾವಾಸ್ಯೆಗಳು ಕಳೆದಿದ್ದವು. ರಂಗಂಪೇಟೆಯಲ್ಲಿ ದೊಡ್ಡಾಯಿ ಒಬ್ಬಳೇ ಬಾಗಿಲ ಒಳಗೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಆಕೆಯ ಯಜಮಾನರು ಚಹಾದ ಅಂಗಡಿಗೆ ಹೋಗಿದ್ದರು. ಆಕೆ ತಮ್ಮನನ್ನು ಕಂಡು ಎದ್ದೇಳಲಿಲ್ಲ, ಮೊರವನ್ನೂ ಕೆಳಗಿಡಲಿಲ್ಲ. ಬಹಳ ಹೊತ್ತು ಆತನ ತಲೆಯನ್ನೇ ನೋಡಿದಳು.

“ಸಿಟ್ಟ ಇಳೀತೇನು ಸಾಹೇಬರದು? ತಲಿ ಮ್ಯಾಲ ಏನದು, ಕಾಗಿ ಗೂಡ ಕಟ್ಯಾದೇನು?”

ಮುತ್ಯಾ ನಕ್ಕ. ಬಸ್ ಸ್ಟ್ಯಾಂಡಿನ ಆ ದಿನದ ನಂತರ ಆತ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುತ್ತಲೇ ಕೂತು ಎಲ್ಲವನ್ನೂ ಹೇಳಿದ. ಹೆಗಲು, ಕೊಡ, ಬಸ್ ಸ್ಟ್ಯಾಂಡಿನಲ್ಲಿ ರುಮಾಲು ಉರುಳಿದ್ದು, ಗೋಡೆ. ಕೊಡದ ಸಂಗತಿ ಮುನ್ಶಿಗೂ ಗೊತ್ತಿದೆ, ಪಾಪ, ಗೊತ್ತಿಲ್ಲದವನಂತೆ ಇದ್ದಾನೆ ಎಂದೂ ಸೇರಿಸಿದ. ನಾನು ಹೆಸರುಕಾಳು ನೋಡುತ್ತ ಕೂತೆ.

ದೊಡ್ಡಾಯಿ ನಗಲಿಲ್ಲ. ಮೊರ ಕೆಳಗಿಟ್ಟಳು. ಸೆರಗಿನ ಮೇಲಿಂದಲೇ ತಲೆಯ ಹಿಂಭಾಗವನ್ನು ಮುಟ್ಟಲು ಕೈ ತಂದಳು. ಕೈ ಕಿವಿಯವರೆಗೆ ಬಂದು ನಿಂತಿತು.

“ಒಂದು ವರ್ಷ ಆತು ತಮ್ಮಾ, ತುರುಬ ಕಟ್ಕೊಳ್ಳಾಕ ಆಗವಲ್ದು. ಮಮ್ಮಗಳು ಕಟ್ಟಿ ಕಾಲೇಜಿಗಿ ಹೋಗ್ತಾಳ. ಆಕಿ ಇಲ್ಲದ ದಿವಸ ಸೆರಗ ಬಿಗಿ ಹೊಚ್ಕೊಂಡ ಕೂಡ್ತೀನಿ.”

ಮನೆಯಲ್ಲಿ ಯಾರಿಗೂ ಹೇಳಿಲ್ಲವೇ ಎಂದು ಮುತ್ಯಾ ಕೇಳಿದ. ವಯಸ್ಸಾಯಿತಲ್ಲ, ಹೇಳುವುದೇನು ಎಂದಳು ಆಕೆ. ಮುತ್ಯಾ ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ಕಾಳಿನ ಚೀಲವನ್ನು ಪಕ್ಕಕ್ಕೆ ಸರಿಸಿ, ಖಾಲಿಯಾದ ಗೋಡೆಯನ್ನು ಅಂಗೈಯಿಂದ ತಟ್ಟಿ ತೋರಿಸಿದ. ಈ ವಯಸ್ಸಿನಲ್ಲಿ ಇದೆಲ್ಲ ಆಗುವುದೇ ಎಂದು ಆಕೆ ಕೂತಲ್ಲಿಂದಲೇ ಹೇಳಿದಳು.

“ನೀ ನನಗಿಂತ ಏಳ ವರ್ಷ ದೊಡ್ಡಾಕಿ. ನನಗ ಐದ ತಿಂಗಳ ಹಿಡೀತು, ನಿನಗ ಆರ ಹಿಡೀಲಿ. ಏಳು.”

ಆಕೆ ಗೊಣಗುತ್ತಲೇ ಎದ್ದಳು. ಗೋಡೆಯ ಮುಂದೆ ನಿಂತು, ಕೈ ಅರ್ಧಕ್ಕೆ ಎತ್ತಿ, ನಮ್ಮಿಬ್ಬರ ಕಡೆ ತಿರುಗಿದಳು. ಕೈ ಎತ್ತಿದರೆ ಸೆರಗು ಜಾರುತ್ತದೆ. ಇಬ್ಬರೂ ಮಾರಿ ಆ ಕಡೆ ಮಾಡಿರಿ ಎಂದಳು.

ನಾವು ಬೀದಿಯ ಕಡೆ ತಿರುಗಿ ನಿಂತೆವು. ಬೆರಳು ಇಡು, ಒಂದರ ಮ್ಯಾಲ ಒಂದು, ನೋವಾದ್ರ ನಿಲ್ಲು ಎಂದು ಮುತ್ಯಾ ಹಿಂದೆ ನೋಡದೆಯೇ ಹೇಳುತ್ತಿದ್ದ. ಆಮೇಲೆ ನಮ್ಮ ಬೆನ್ನ ಹಿಂದೆ ಗಾಜಿನ ಬಳೆಗಳು ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದೊಂದಾಗಿ ಜಾರತೊಡಗಿದವು.